ಎಣಿಕೆ ತುಂಬಿದೆ, ಒತ್ತು ಇಳಿದಿದೆ

ಮುಚ್ಚುಕಾಲದ ಎಂಬತ್ತೆಂಟನೆಯ ವರ್ಷ, ಹದಿಮೂರನೆಯ ತಿಂಗಳಿನ ಹಿಂದಿನ ದಿನ
ಸಮಪಾಳ್ಯ, ಸಂಡೂರು ಗುಡ್ಡಗಳ ಒಳಗೆ

ನಮಗಿಂತ ಮೊದಲು ಇಲ್ಲಿ ಬದುಕಿದವರಿಗೆ,

ಮೇಲಿನ ತಾರೀಖನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಿಮಗೆ ಹನ್ನೆರಡೇ ತಿಂಗಳು. ನಮಗೆ ಹದಿಮೂರನೆಯದೊಂದಿದೆ. ನಿಮ್ಮ ಏಪ್ರಿಲ್ ಮುಗಿಯುವ ಹೊತ್ತಿಗೆ ಅದು ಬಂದು ನಡುವೆ ಕೂರುತ್ತದೆ. ಒಂದು ವರ್ಷ ಬೇಗ ಎದ್ದುಹೋಗುತ್ತದೆ, ಇನ್ನೊಂದು ವರ್ಷ ಏಳುವುದೇ ಇಲ್ಲ. ಅದರ ಹೆಸರು ಮಬ್ಬು. ನೀವು ಅಗೆದು ಬಿಟ್ಟುಹೋದ ಗುಡ್ಡಗಳ ಕೆಂಪು ಧೂಳು ಗಾಳಿಗೆ ಎದ್ದು ಸೂರ್ಯನನ್ನು ಮುಚ್ಚುವ ಕಾಲ ಅದು. ನನ್ನ ಮಾತುಗಳು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳಲ್ಲ. ನಮ್ಮ ಹಿರಿಯರ ಹಳೆಯ ಕರಪತ್ರಗಳನ್ನೂ ನಿಮ್ಮ ಕಾಲದ ತುಂಡು ಕಾಗದಗಳನ್ನೂ ಒಬ್ಬಳೇ ಕೂತು ಓದಿ ಕಲಿತವಳು. ನನ್ನ ಹೆಸರು ಹುಲಿಗೆಮ್ಮ. ಎಲ್ಲರೂ ಹುಲಿಗಿ ಎನ್ನುತ್ತಾರೆ. ನನಗೆ ಭಯವಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಸಿಟ್ಟಿನಲ್ಲಿ ಬರೆದಂತೆ ಕಂಡರೂ ಅದು ಸಿಟ್ಟಲ್ಲ.

ಮಬ್ಬಿಗೆ ಮುಂಚೆ ಪ್ರತಿಯೊಬ್ಬರೂ ಸತ್ತವರಿಗೆ ಒಂದು ಕಾಗದ ಬರೆಯುವುದು ಇಲ್ಲಿಯ ಪದ್ಧತಿ. ಅದನ್ನು ಹಿಂಬರಹ ಎನ್ನುತ್ತೇವೆ. ಸೋಸುಬಟ್ಟೆಗಳಿಂದ ಕೊಡವಿದ ಧೂಳನ್ನು ಹೊರಗೆ ತಳ್ಳುವ ಕಿಂಡಿಯಲ್ಲಿ ಆ ಕಾಗದವನ್ನೂ ಬಿಡುತ್ತೇವೆ, ಗಾಳಿ ಒಯ್ಯುತ್ತದೆ. ಎಲ್ಲರೂ ಬರೆಯುವುದು ಒಂದೇ: ನೀವು ಸೂರ್ಯನಿಂದ ಕರೆಂಟು ಹಿಡಿಯುವುದನ್ನು ಕಲಿಸಿದಿರಿ, ಅದನ್ನು ಕೂಡಿಡುವ ಕೋಶವನ್ನು ಕೊಟ್ಟಿರಿ, ಉಪಕಾರವಾಯಿತು. ನಾನೂ ಚಿಕ್ಕವಳಿದ್ದಾಗಿನಿಂದ ಹಾಗೇ ಬರೆದಿದ್ದೇನೆ. ಈ ವರ್ಷ ಆಗುತ್ತಿಲ್ಲ.

ನಾವು ನಿಮ್ಮ ಹಳೆಯ ಮ್ಯಾಂಗನೀಸ್ ಗಣಿಯ ಒಳಗೆ ಬದುಕುತ್ತೇವೆ. ಗುಡ್ಡದ ಹೊಟ್ಟೆಯಲ್ಲಿ ಮನೆಗಳ ಎರಡು ಸಾಲುಗಳಿವೆ. ಗಣಿಯ ಬಾಯಿಗೆ ಹತ್ತಿರವಿರುವುದು ಮೇಲ್ಸಾಲು, ಆಳದಲ್ಲಿರುವುದು ಕೆಳಸಾಲು. ಉಳಿದ ತಿಂಗಳುಗಳಲ್ಲಿ ಮುಂಜಾನೆ ಹೊರಗೆ ಹೋಗಿ ಸಜ್ಜೆ, ಜೋಳ ನೋಡಿಕೊಂಡು ಬಿಸಿಲೇರುವ ಮೊದಲು ಒಳಗೆ ಬರುತ್ತೇವೆ. ಮಕ್ಕಳು ಬಾಯಿಯ ನೆರಳಿನಲ್ಲಿ ಆಡುತ್ತಾರೆ, ಅಜ್ಜಿಯರು ಅಲ್ಲೇ ಕೂತು ಹುಣಸೆ ಕುಟ್ಟುತ್ತಾರೆ. ಮಬ್ಬು ಬಂತೆಂದರೆ ಮೂರು ಬಾಗಿಲು ಮುಚ್ಚುತ್ತವೆ: ಹೊರಗಿನದು, ಮೇಲ್ಸಾಲಿನದು, ಕೆಳಸಾಲಿನದು. ಅಂಚುಗಳಿಗೆ ಒದ್ದೆ ಮಣ್ಣು ಮೆತ್ತುತ್ತೇವೆ. ಆಮೇಲೆ ಯಾರೂ ಸಾಲು ಬದಲಿಸುವಂತಿಲ್ಲ, ಯಾಕೆಂದರೆ ಒಮ್ಮೆ ಬಾಗಿಲು ತೆಗೆದರೆ ಬರುವ ಧೂಳು ಎಳೆಯ ಮಕ್ಕಳ ಎದೆಯಲ್ಲಿ ಕೂತುಬಿಡುತ್ತದೆ. ಒಂದೊಂದು ಸಾಲಿಗೆ ಒಂದೊಂದು ದೊಡ್ಡ ಫ್ಯಾನು. ಅದು ಹೊರಗಿನ ಗಾಳಿಯನ್ನು ಸೋಸುಬಟ್ಟೆಗಳ ಮೂಲಕ ಎಳೆದು ಒಳಗೆ ದೂಡುತ್ತದೆ. ಫ್ಯಾನು ನಿಂತರೆ ಉಸಿರು ಹಳಸುತ್ತದೆ. ಮೊದಲು ತಲೆನೋವು, ಆಮೇಲೆ ನಿದ್ದೆ. ಆ ನಿದ್ದೆಯಿಂದ ಎದ್ದವರು ಕಡಿಮೆ.

ಬಿಸಿಲಿಲ್ಲದ ಆ ತಿಂಗಳಲ್ಲಿ ಫ್ಯಾನನ್ನು ತಿರುಗಿಸುವುದು ಕೋಶಮನೆಗಳಲ್ಲಿರುವ ಕೋಶಗಳು, ಅಂದರೆ ನಿಮ್ಮ ಲಿಥಿಯಂ ಬ್ಯಾಟರಿಗಳು. ಪ್ರತಿ ಸಾಲಿಗೂ ತನ್ನದೇ ಕೋಶಮನೆ. ಕೋಶಗಳನ್ನು ನಾವೇ ಕಟ್ಟುತ್ತೇವೆ. ಮ್ಯಾಂಗನೀಸ್ ಈ ಗುಡ್ಡದ್ದೇ. ಅದಕ್ಕೆ ಲಿಥಿಯಂ ಹೆಚ್ಚು ಬೆರೆಸಿ ಸುಟ್ಟು ಮಾಡುವ ಕಪ್ಪು ಪುಡಿಯ ವಿಧಾನ ನಿಮ್ಮದು. ಬೇರೆ ಎಲ್ಲ ಪುಡಿಗಳಿಗಿಂತ ಹೆಚ್ಚು ಹಿಡಿಯುತ್ತದೆ, ವರ್ಷಗಟ್ಟಲೆ ಹಿಡಿಯುತ್ತದೆ ಎಂದು ನೀವು ಬರೆದಿಟ್ಟದ್ದನ್ನು ನಂಬಿ ನಮ್ಮ ಹಿರಿಯರು ಅದನ್ನೇ ಆರಿಸಿಕೊಂಡರು.

ಇನ್ನು ಸಮಪಾಲಿನ ಕಾಯಿದೆಯ ವಿಷಯ. ಇದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಮುಚ್ಚುಕಾಲ ಶುರುವಾಗಿ ಗುಡ್ಡದೊಳಗೆ ಬಂದ ಮೊದಲ ಕಾಲದಲ್ಲಿ ಬಲವಿದ್ದವರು ಒತ್ತು ಹೆಚ್ಚಿರುವ ತಂತಿಯನ್ನು ತಮ್ಮ ಕಡೆಗೆ ಎಳೆದುಕೊಂಡರಂತೆ. ಒತ್ತು ಎಂದರೆ ನೀವು ವೋಲ್ಟೇಜ್ ಎನ್ನುತ್ತಿದ್ದುದು. ಅವರ ಮನೆಯಲ್ಲಿ ದೀಪ ಉರಿಯಿತು, ಉಳಿದವರ ಮನೆಯಲ್ಲಿ ಕೆಂಪಗೆ ಮಿಣುಕಿತು. ಬಡಿದಾಟವಾಯಿತು, ಹೆಣ ಬಿದ್ದವು. ಕೊನೆಗೆ ಗೆದ್ದವರು ಒತ್ತು ಅಳೆಯುವ ಮಾಪಕಗಳನ್ನೆಲ್ಲ ಒಡೆದು ಹಾಕಿ, ಇನ್ನು ಮೇಲೆ ಎಣಿಕೆಯೊಂದೇ ಎಂದು ಸಾರಿದರು. ಎಣಿಕೆ ಎಂದರೆ ಕೋಶದೊಳಗೆ ಎಷ್ಟು ಹೋಯಿತು, ಎಷ್ಟು ಹೊರಬಂತು ಎಂಬ ಲೆಕ್ಕ, ನಿಮ್ಮ ಆಂಪಿಯರ್-ಅವರ್. ತಲೆಗೊಂದು ಪಾಲು, ಸಾಲಿಗೊಂದು ಪಾಲು, ಎಲ್ಲರಿಗೂ ಸಮ. ದಿನವೂ ಸೂರ್ಯ ಇಳಿಯುವ ಮುನ್ನ ಕೋಶಗಳನ್ನು ಇನ್ನು ಹಿಡಿಯಲಾರವು ಎನ್ನುವವರೆಗೆ ತುಂಬಿಸಿ, ಎಣಿಕೆಗಾರರು ಬಾಯಿಯ ಬಳಿ ನಿಂತು "ತುಂಬಿತು!" ಎಂದು ಕೂಗುತ್ತಾರೆ. ಎರಡೂ ಸಾಲಿನವರು "ತುಂಬಿತು, ಸಮವಾಗಿ ತುಂಬಿತು!" ಎಂದು ಮರುಕೂಗುತ್ತಾರೆ. ಅಂಚಿನವರೆಗೆ ತುಂಬಿಸದಿದ್ದರೆ ಯಾರದೋ ಪಾಲು ಕದ್ದಂತೆ. ನಾನು ಈ ಕಾಯಿದೆಯನ್ನು ಹಾಲಿನ ಜೊತೆ ಕುಡಿದು ಬೆಳೆದವಳು. ನಮ್ಮ ಹಿರಿಯರ ಕರಪತ್ರಗಳನ್ನು ಓದುವಾಗ ಈಗಲೂ ಮೈ ಬೆಚ್ಚಗಾಗುತ್ತದೆ. ಸಮಪಾಲಿಗಾಗಿ ಪ್ರಾಣ ಕೊಡು ಎಂದರೆ ಕೊಡುತ್ತೇನೆ. ಆದ್ದರಿಂದಲೇ ಹೇಳುತ್ತಿದ್ದೇನೆ: ನಮ್ಮದು ಸಮಪಾಲಲ್ಲ.

ಗೊತ್ತಾದದ್ದು ರೊಟ್ಟಿಯಿಂದ. ನಾನು ಮೇಲ್ಸಾಲಿನಲ್ಲಿ ಸೋಸುಬಟ್ಟೆ ಕೊಡವುವ ಕೆಲಸದವಳು, ಅಲ್ಲೇ ಇರುತ್ತೇನೆ. ನನ್ನ ಅಕ್ಕ ಎರ್ರೆಮ್ಮ ಕೆಳಸಾಲಿನಲ್ಲಿ, ಗಂಡ ಪಂಪಾಪತಿಯ ಜೊತೆ. ಅಕ್ಕ ಈಗ ತುಂಬಿದ ಬಸುರಿ. ಅವಳ ಮನೆಗೆ ಹೋದಾಗಲೆಲ್ಲ ಜೋಳದ ರೊಟ್ಟಿ ಬಿಳಿಚಿಕೊಂಡು ಹಂಚಿನ ಮೇಲೆ ಒಣಗುವುದನ್ನು ನೋಡುತ್ತಿದ್ದೆ. ಉಬ್ಬುವುದಿಲ್ಲ, ಚುಕ್ಕೆ ಏಳುವುದಿಲ್ಲ. ಕೆಳಸಾಲಿನ ಹೆಂಗಸರಿಗೆ ಹಿಟ್ಟು ನಾದಲು ಬರುವುದಿಲ್ಲ ಎಂದು ಮೇಲ್ಸಾಲಿನವರು ಬಹಳ ಕಾಲದಿಂದ ಆಡಿಕೊಳ್ಳುತ್ತಾರೆ. ನಾನೂ ನಗುತ್ತಿದ್ದೆ. ಒಂದು ದಿನ ಅಕ್ಕ ಹಿಟ್ಟನ್ನೂ ಹಂಚನ್ನೂ ಎತ್ತಿಕೊಂಡು ಮೇಲಕ್ಕೆ ಬಂದು ನನ್ನ ಕರೆಂಟಿನ ಒಲೆಯ ಮೇಲೆ ಸುಟ್ಟಳು. ರೊಟ್ಟಿ ಉಬ್ಬಿತು. ಅದೇ ಕೈ, ಅದೇ ಹಿಟ್ಟು. "ನೋಡವ್ವಾ, ನಿಮ್ಮ ಒಲಿಗೂ ಗೊತ್ತೈತಿ ಮೇಲಿನವರು ಯಾರು, ಕೆಳಗಿನವರು ಯಾರು ಅಂತ" ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಎಣಿಕೆಯ ಮುಳ್ಳು ನೋಡಿದರೆ ಎರಡೂ ಮನೆಗಳಿಗೆ ಬಂದದ್ದು ಒಂದೇ ಪಾಲು.

ನಿಮ್ಮ ಕಾಲದ ತುಂಡು ಕಾಗದಗಳಲ್ಲಿದ್ದ ಚಿತ್ರ ನೋಡಿ ತಾಮ್ರದ ತಂತಿ ಸುತ್ತಿ, ಒಂದು ಅಯಸ್ಕಾಂತದ ಚೂರಿಗೆ ಸೂಜಿ ಕಟ್ಟಿ, ಒತ್ತು ಅಳೆಯುವ ಒಂದು ಒರಟು ಮಾಪಕ ಮಾಡಿದೆ. ಇದು ಇಲ್ಲಿ ಅಪರಾಧ. ಮೇಲ್ಸಾಲಿನ ಕೋಶಮನೆಗೆ ಹಿಡಿದೆ, ಸೂಜಿ ಚಿಮ್ಮಿತು. ಕೆಳಸಾಲಿನದಕ್ಕೆ ಹಿಡಿದೆ. ಸೂಜಿ ಮುಕ್ಕಾಲಿನವರೆಗೆ ಹೋಗಿ, ಅಲ್ಲೇ ನಡುಗುತ್ತಾ ನಿಂತಿತು. ಎರಡೂ ಆಗತಾನೇ ತುಂಬಿದ ಕೋಶಗಳು. ಹೊರಗೆ ಜನ ಇನ್ನೂ "ಸಮವಾಗಿ ತುಂಬಿತು" ಎಂದು ಕೂಗುತ್ತಿದ್ದರು.

ಯಾಕೆ ಹೀಗೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಆ ಕಾಗದಗಳಿಂದ ನಾನು ತಿಳಿದುಕೊಂಡ ರೀತಿಯಲ್ಲೇ ಹೇಳುತ್ತೇನೆ. ಆ ಕಪ್ಪು ಪುಡಿಯ ಒಳಗೆ ಪದರ ಪದರವಾಗಿ ಮನೆಗಳಿವೆ. ಕೋಶವನ್ನು ತುಂಬಿಸುವಾಗ ಲಿಥಿಯಂ ತನ್ನ ಪದರ ಬಿಟ್ಟು ಆಚೆಯ ಫಲಕಕ್ಕೆ ಹೋಗುತ್ತದೆ, ಕೆಲಸ ಮಾಡಿಸುವಾಗ ಮರಳಿ ಬರುತ್ತದೆ. ಹಾಗೆ ಮನೆ ಖಾಲಿಯಾದಾಗ ಪಕ್ಕದ ಪದರದ ಮ್ಯಾಂಗನೀಸ್ ಒಂದಿಷ್ಟು ಜಾರಿ ಬಂದು ಅಲ್ಲಿ ಕೂರುತ್ತದೆ. ಕೂತದ್ದು ಪೂರ್ತಿ ಹಿಂದೆ ಹೋಗುವುದಿಲ್ಲ. ಅಂಚಿನಿಂದ ಸ್ವಲ್ಪ ಆಮ್ಲಜನಕವೂ ತಪ್ಪಿಸಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಪದರಗಳ ಕಟ್ಟಡವೇ ಬೇರೆಯದಾಗುತ್ತದೆ. ಆದರೂ ಹೆಚ್ಚುಕಡಿಮೆ ಮೊದಲಿನಷ್ಟೇ ಲಿಥಿಯಂ ಹೋಗಿ ಬರುತ್ತಿರುತ್ತದೆ. ಆದ್ದರಿಂದ ಎಣಿಕೆಗೆ ಏನೂ ಕಾಣುವುದಿಲ್ಲ. ಇಳಿದದ್ದು ಅದು ಬೀಳುವ ಎತ್ತರ, ಅಂದರೆ ಒತ್ತು. ಬಾವಿಯಿಂದ ಅಷ್ಟೇ ಕೊಡ ನೀರು ತಂದು ತೊಟ್ಟಿಗೆ ಸುರಿಯುತ್ತಿದ್ದೀರಿ, ತೊಟ್ಟಿಯೇ ವರ್ಷ ವರ್ಷಕ್ಕೂ ನೆಲಕ್ಕೆ ಕುಸಿಯುತ್ತಿದೆ ಎಂದುಕೊಳ್ಳಿ. ಕೊಡ ಎಣಿಸುವವನಿಗೆ ತೃಪ್ತಿ. ನಲ್ಲಿ ತಿರುಗಿಸುವವಳಿಗೆ ನೀರಿಲ್ಲ. ಇನ್ನೂ ಒಂದು ಮಾತಿದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ: ಕೋಶವನ್ನು ಅಂಚಿನವರೆಗೆ ತುಂಬಿಸಿದಷ್ಟೂ ಈ ಜಾರುವಿಕೆ ಹೆಚ್ಚು. ನಮ್ಮ ಭಕ್ತಿಯೇ ನಮ್ಮ ಕೋಶಗಳನ್ನು ತಿಂದಿದೆ. ದಿನವೂ ಸಮಾನತೆಯ ಹೆಸರಿನಲ್ಲಿ, ಹಾಡಿನಂತೆ ಕೂಗುತ್ತಾ, ತಿನ್ನಿಸಿದ್ದೇವೆ.

ಮೇಲ್ಸಾಲಿನವರು ಮೋಸಗಾರರಲ್ಲ. ಹೊಸ ಕೋಶಗಳನ್ನು ಕೆಳಗೆ ಇಳಿಸುವುದು ಕಷ್ಟ, ಆದ್ದರಿಂದ ಮೇಲೇ ಇಟ್ಟರು. ಕೆಳಗಿನ ಹಳೆಯವು ಎಣಿಕೆಯಲ್ಲಿ ಸರಿಯಾಗೇ ಇದ್ದವು, ಬದಲಿಸುವ ಕಾರಣ ಕಾಣಲಿಲ್ಲ. ಯಾರೂ ಕೆಟ್ಟವರಿಲ್ಲದೆ ಇಷ್ಟು ದೊಡ್ಡ ಕೇಡು ಆಗಬಹುದು ಎನ್ನುವುದೇ ನನ್ನನ್ನು ಹೆದರಿಸುತ್ತದೆ. ಕೆಟ್ಟವರಿದ್ದರೆ ಅವರ ವಿರುದ್ಧ ಒಂದು ಕರಪತ್ರ ಬರೆಯಬಹುದಿತ್ತು.

ರೊಟ್ಟಿ ಉಬ್ಬದಿದ್ದರೆ ಯಾರೂ ಸಾಯುವುದಿಲ್ಲ. ಆದರೆ ಫ್ಯಾನಿನೊಳಗೆ ಒಂದು ಕಾವಲು ಇದೆ. ಒತ್ತು ಒಂದು ಮಟ್ಟಕ್ಕಿಂತ ಇಳಿದರೆ ಮೋಟಾರು ಸುಡದಿರಲಿ ಎಂದು ತಾನೇ ನಿಲ್ಲಿಸಿಬಿಡುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಕೋಶ ಆಳಕ್ಕೆ ಇಳಿಯುವುದಿಲ್ಲ, ದಿನವೂ ತುಂಬುತ್ತದೆ, ಕಾವಲಿಗೆ ಕೆಲಸವಿಲ್ಲ. ಕಳೆದ ಕೆಲವು ವರ್ಷ ಮಬ್ಬು ಬೇಗ ಎದ್ದುಹೋಯಿತು. ಈ ವರ್ಷ ಬಳ್ಳಾರಿಯ ದಿಕ್ಕಿನಲ್ಲಿ ಆಕಾಶ ಈಗಾಗಲೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ದೀರ್ಘ ಮಬ್ಬು ಎಂದು ಎಲ್ಲರೂ ಹೇಳುತ್ತಿದ್ದಾರೆ. ಕೆಳಸಾಲಿನ ಫ್ಯಾನು ಎಣಿಕೆ ಇನ್ನೂ ಅರ್ಧ ಉಳಿದಿರುವಾಗಲೇ ನಿಲ್ಲುತ್ತದೆ ಎಂದು ನನ್ನ ಲೆಕ್ಕ. ಅಕ್ಕನ ಹೆರಿಗೆ ಮಬ್ಬಿನೊಳಗೇ ಬರುತ್ತದೆ.

ನಿನ್ನೆ ಸಭೆ ಕರೆಸಿದೆ. ಎಣಿಕೆಗಾರರು ಹೊನ್ನೂರಸಾಬ್ ಕಾಕಾ. ಅವ್ವ ಸತ್ತ ಮೇಲೆ ನನಗೆ ಮೊದಲ ಕರಪತ್ರ ಕೊಟ್ಟು ಓದು ಎಂದವರು ಅವರೇ. ಮೊದಲು ನಕ್ಕರು. "ಏನವ್ವಾ ಹುಲಿಗಿ, ಅಕ್ಕನ ರೊಟ್ಟಿ ಉಬ್ಬಲಿಲ್ಲ ಅಂತ ಊರನ್ನ ಕೂಡಿಸೀಯೇನು?" ಹಿಂದಿನಿಂದ ಯಾರೋ, "ಹಿಟ್ಟು ನಾದೋದು ಕಲೀಲಿ ತಗೋ!" ಎಂದರು. ಅಕ್ಕ ಬಿಡುವವಳಲ್ಲ. "ಬಾರೋ ನಮ್ಮನಿಗೆ, ನೀನೇ ನಾದು, ನೀನೇ ಸುಡು, ಹಸೀ ರೊಟ್ಟಿ ತಿಂದು ಹೊಟ್ಟಿ ಹಿಡ್ಕೊಂಡು ಹೋಗು" ಎಂದಳು. ಎಲ್ಲರೂ ನಕ್ಕರು. ನಾನು ಮಾಪಕವನ್ನು ಮುಂದೆ ಇಟ್ಟೆ. ನಗು ನಿಂತಿತು.

ನಾನು ಕೇಳಿದ್ದು ದೊಡ್ಡದೇನಲ್ಲ. ಮೇಲ್ಸಾಲಿನ ಹೊಸ ಕೋಶಗಳಲ್ಲಿ ಒಂದು ಗುಂಪನ್ನು ಬಾಗಿಲು ಮುಚ್ಚುವ ಮೊದಲು ಕೆಳಸಾಲಿನ ಫ್ಯಾನಿಗೆ ಕಟ್ಟಿ, ಇನ್ನು ಮೇಲೆ ಅಂಚಿನವರೆಗೆ ತುಂಬಿಸಬೇಡಿ, ಇಷ್ಟೇ. ಕಾಕಾ ಬಹಳ ಹೊತ್ತು ಮಾಪಕವನ್ನು ನೋಡಿದರು, ಮುಟ್ಟಲಿಲ್ಲ. "ಒತ್ತು ಅಳದೀ? ಏ ಹುಡುಗಿ, ಇದರ ಸಲುವಾಗಿ ನನ್ನ ಮುತ್ತಾತ ತಲಿ ಒಡಿಸ್ಕೊಂಡು ಸತ್ತಾನ. ಇವತ್ತು ನೀ ಅಳೀತಿ. ನಾಳೆ ಇನ್ನೊಬ್ಬ ಅಳದು, ನನ್ನ ಮನಿಗೆ ಹೆಚ್ಚು ಬೇಕು ಅಂತಾನ. ಕೆಳಗಿನವರಿಗೆ ಒಂದು ಗುಂಪು ಹೆಚ್ಚು ಕೊಟ್ರ ಎಣಿಕಿ ಅವರಿಗೆ ಹೆಚ್ಚು, ಇವರಿಗೆ ಕಡಿಮಿ. ಆಮ್ಯಾಗ ಸಮಪಾಲು ಎಲ್ಲಿ ಉಳೀತು, ಹೇಳು." ನಾನು ಅವರೇ ಕೊಟ್ಟ ಕರಪತ್ರದ ಮಾತುಗಳನ್ನೇ ಎತ್ತಿ ಕೂಗಿದೆ: ಉಸಿರು ಸಮವಾಗದೆ ಎಣಿಕೆ ಸಮವಾಗಿ ಏನು ಬಂತು ಎಂದೆ. ಅವರು ತಗ್ಗಿದ ದನಿಯಲ್ಲಿ, "ಮಬ್ಬು ಕಳೀಲಿ ಮಗಾ, ಕೂತು ಮಾತಾಡೋಣ" ಎಂದರು. ಕೈ ಎತ್ತಿಸಿದರು. ನನ್ನ ಕಡೆಗೆ ಕೆಲವೇ ಕೈಗಳು. ಕೆಳಸಾಲಿನವರೇ ಬಹಳ ಜನ ಎತ್ತಲಿಲ್ಲ. ತಮಗೆ ಹೆಚ್ಚು ಪಾಲು ಕೇಳುವುದಕ್ಕೆ ಅವರಿಗೆ ನಾಚಿಕೆ.

ಅಕ್ಕನನ್ನು ಮೇಲೆ ಕರೆದುಕೊಂಡು ಹೋಗಲು ನೋಡಿದೆ. "ನಾ ಒಬ್ಬಾಕಿ ಬಂದ್ರ ಉಳಿದ ಹೆಂಗಸರು ಎಲ್ಲಿ ಹೋಗ್ಬೇಕು? ಸೂಲಗಿತ್ತಿ ಇಲ್ಲೇ ಇದಾಳ. ಹೆದರಿಸಬ್ಯಾಡ ನನ್ನ, ಹೋಗು" ಎಂದಳು. ಹೇಳುವಾಗ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಆದ್ದರಿಂದ ನಾನೇ ಕೆಳಗೆ ಬಂದಿದ್ದೇನೆ. ಪಂಪಾಪತಿ ಮಾವನೂ ನಾನೂ ಒಂದು ಹಳೆಯ ಸೈಕಲ್ಲಿನ ಚೈನು, ಪೆಡಲು ತಂದು ಫ್ಯಾನಿನ ಅಚ್ಚಿಗೆ ಕೈಯಿಂದ ತಿರುಗಿಸುವ ಹಿಡಿಕೆ ಕಟ್ಟುತ್ತಿದ್ದೇವೆ. ಅಷ್ಟು ದೊಡ್ಡ ಫ್ಯಾನನ್ನು ಮನುಷ್ಯರ ಕೈ ಎಷ್ಟು ಹೊತ್ತು ತಿರುಗಿಸೀತು, ಎಷ್ಟು ಗಾಳಿ ತಂದೀತು, ನನಗೆ ತಿಳಿಯದು.

ಈಗ ನಿಮ್ಮ ವಿಷಯ. ನಿಮಗೆ ಗೊತ್ತಿತ್ತು. ನನ್ನ ಬಳಿ ಇರುವ ನಿಮ್ಮ ಕಾಲದ ತುಂಡು ಕಾಗದಗಳಲ್ಲೇ ಒತ್ತು ಇಳಿಯುವ ಮಾತಿದೆ. ಅದರ ಮೇಲೆ ತಲೆ ಕೆಡಿಸಿಕೊಂಡು ಕೂತವರು ನಿಮ್ಮಲ್ಲಿ ಇದ್ದರು, ಪುಡಿಗೆ ಬೇರೆ ಲೋಹ ಬೆರೆಸಿ, ಮೇಲೆ ಲೇಪ ಹಚ್ಚಿ, ತಡೆಯಲು ನೋಡಿದವರು ಇದ್ದರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಸಾಮಾನ್ಯರ ಕೈಗೆ ಬಂದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿದ್ದದ್ದು ಎಷ್ಟು ಹಿಡಿಯುತ್ತದೆ, ಎಷ್ಟು ವರ್ಷ ಹಿಡಿಯುತ್ತದೆ ಎಂಬುದು. ಒತ್ತಿನ ಮಾತು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿತ್ತು. ನಮ್ಮ ಹಿರಿಯರು ಸಣ್ಣ ಅಕ್ಷರ ಓದುವಷ್ಟು ಬೆಳಕಿನಲ್ಲಿ ಬದುಕಿರಲಿಲ್ಲ.

ಇಲ್ಲಿಂದ ಮುಂದಿನದು ಬಾಗಿಲು ಮುಚ್ಚಿದ ಮೇಲೆ ಬರೆದದ್ದು. ಮಬ್ಬು ಬಂದು ಕೂತಿದೆ. ಹಗಲಾಗಿದೆ ಎಂದು ಗೊತ್ತಾಗುವುದು ಮೇಲಿನಿಂದ ಇಳಿದಿರುವ ಮಾತಿನ ಕೊಳವೆಯಲ್ಲಿ ಹೊನ್ನೂರಸಾಬ್ ಕಾಕಾ ತಮ್ಮ ಬಳಿಯ ಮುಳ್ಳುಗಳನ್ನು ನೋಡಿ ಎರಡೂ ಸಾಲುಗಳ ಎಣಿಕೆ ಹೇಳಿದಾಗ ಮಾತ್ರ. ಮೊದಲ ಕೆಲವು ದಿನ ಎಲ್ಲ ಸರಿಯಿತ್ತು. ಮಕ್ಕಳು ಗಲಾಟೆ ಮಾಡಿದರು, ಹೆಂಗಸರು ಹಾಡು ಹೇಳಿದರು, ನನ್ನನ್ನು ನೋಡಿ "ಏನ್ಲೇ ಹುಲಿಗಿ, ಇನ್ನೂ ಬದುಕೀವಲ್ಲ" ಎಂದು ಚುಡಾಯಿಸಿದರು. ನಾನೂ ನಕ್ಕೆ. ನನ್ನ ಲೆಕ್ಕ ತಪ್ಪಾಗಿರಲಿ ಎಂದು ಇಷ್ಟು ಬೇಡಿಕೊಂಡದ್ದು ಎಂದೂ ಇಲ್ಲ.

ಆಮೇಲೆ ಫ್ಯಾನಿನ ಸದ್ದು ದಪ್ಪಗಾಯಿತು. ಹಾಡು ಹೇಳುತ್ತಿದ್ದವರು ಒಬ್ಬೊಬ್ಬರೇ ನಿಲ್ಲಿಸಿದರು. ಇವತ್ತು ಮುಂಜಾನೆ ಅದು ನಿಂತಿತು. ಹಿಡಿಕೆ ತಿರುಗಿಸಲು ಮಾವ ಮೊದಲು ನಿಂತರು, ಆಮೇಲೆ ಒಬ್ಬರಾದ ಮೇಲೆ ಒಬ್ಬರು. ರೆಕ್ಕೆಗಳು ತಿರುಗುತ್ತಿವೆ, ನಿಧಾನವಾಗಿ. ಅಕ್ಕನಿಗೆ ನೋವು ಶುರುವಾಗಿದೆ. ಸೂಲಗಿತ್ತಿ ಅವಳನ್ನು ಗಾಳಿ ಬರುವ ಕಿಂಡಿಯ ಕೆಳಗೇ ಮಲಗಿಸಿದ್ದಾಳೆ. ನನಗೆ ಕಣ್ಣ ಹಿಂದೆ ತಲೆನೋವು ಕೂತಿದೆ, ಯಾರಿಗೂ ಹೇಳಿಲ್ಲ.

ಕೊಳವೆಯಲ್ಲಿ ಕಾಕಾ ಎಂದಿನಂತೆ ಕೂಗಿದರು: "ಕೆಳಸಾಲು, ಅರ್ಧಕ್ಕಿಂತ ಹೆಚ್ಚೈತಿ. ಹೆದರಬ್ಯಾಡ್ರಿ." ನಾನು ಓಡಿಹೋಗಿ ಕೊಳವೆಗೆ ಬಾಯಿಟ್ಟು, "ಕಾಕಾ, ಫ್ಯಾನು ನಿಂತೈತಿ. ಸುಮ್ನ ಕಿವಿಗೊಟ್ಟು ಕೇಳ್ರಿ" ಎಂದೆ. ಅವರು ಕೇಳಿರಬೇಕು. ಇಲ್ಲಿ ಚೈನಿನ ಕಿರುಗುಟ್ಟುವ ಸದ್ದು, ಅಕ್ಕನ ನರಳಾಟ, ಇಷ್ಟೇ ಇದ್ದದ್ದು. ಆಮೇಲೆ, ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ಹುಲಿಗಿ, ಒತ್ತು ಎಷ್ಟೈತವ್ವಾ?" ಎಂದರು.

ಹೇಳಿದೆ. ಮೇಲೆ ಜಗಳ ನಡೆಯುತ್ತಿದೆಯೋ, ಕೋಶ ಬಿಚ್ಚುತ್ತಿದ್ದಾರೋ, ಒದ್ದೆ ಮಣ್ಣು ಕೆರೆದು ಬಾಗಿಲು ತೆಗೆಯುವ ಧೈರ್ಯ ಮಾಡುತ್ತಾರೋ, ನನಗೆ ತಿಳಿಯದು. ಹಿಡಿಕೆಯಲ್ಲಿ ಮುಂದಿನ ಸರದಿ ನನ್ನದು. ಈ ಕಾಗದವನ್ನು ಧೂಳು ತಳ್ಳುವ ಕಿಂಡಿಗೆ ಹಾಕಿ ಹೋಗುತ್ತೇನೆ.

ಕಾಕಾ ಇವತ್ತು ಕೇಳಿದ ಆ ಪ್ರಶ್ನೆಯನ್ನು ನೀವು ನಿಮ್ಮ ಹಗಲಿನಲ್ಲೇ ಕೇಳಿ. ಪುಡಿಯನ್ನು ಹೊಗಳುವವರನ್ನು ಕೇಳಿ, ಮಾರುವವರನ್ನು ಕೇಳಿ, ಬರೆದಿಡುವವರನ್ನು ಕೇಳಿ. ಎಷ್ಟು ಹಿಡಿಯುತ್ತದೆ ಎಂದು ಅವರು ಹೇಳಿ ಮುಗಿಸಿದ ಮೇಲೂ ಎದ್ದು ಹೋಗಬೇಡಿ, ಒತ್ತು ಎಷ್ಟು ಎಂದು ಕೇಳಿ, ಉತ್ತರವನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ನಮ್ಮ ಕಾಕಾ ಕೆಟ್ಟವರಲ್ಲ. ಕೇಳಿದರು. ಫ್ಯಾನು ನಿಂತ ಮೇಲೆ ಕೇಳಿದರು.

ಕೆಳಸಾಲಿನಿಂದ,
ಹುಲಿಗೆಮ್ಮ